ಬಿಜೂರಿನಿಂದ ಬ್ರಿಟನ್ನಿಗೆ: ರಿಯಾಯಿತಿ ಟಿಕೆಟಿನ ಇತಿಹಾಸ

ನಮ್ಮ ಬಿಜೂರು, ಉಪ್ಪುಂದ, ನಾವುಂದದ ಮನೆಗಳಲ್ಲಿ ಈಗ ಇಂಗ್ಲೆಂಡಿನ ಮಾತು ಅಪರೂಪವೇನೂ ಅಲ್ಲ. ಮಗನೋ ಮಗಳೋ ಅಲ್ಲಿ ಉದ್ಯೋಗದಲ್ಲಿರುತ್ತಾರೆ. ಬೇಸಿಗೆಯಲ್ಲಿ ತಂದೆತಾಯಿಗಳು ಒಂದೆರಡು ತಿಂಗಳ ಮಟ್ಟಿಗೆ ಹೋಗಿ ಬರುತ್ತಾರೆ. ಹೊರಡುವ ಮುನ್ನ ಅವರು ವಿಚಾರಿಸುವ ಸಂಗತಿಗಳಲ್ಲಿ ಅಲ್ಲಿಯ ರೈಲು ಟಿಕೆಟೂ ಒಂದು. ಒಂದೇ ಊರಿಗೆ ಹತ್ತು ಬಗೆಯ ದರ; ಅದರ ಮೇಲೆ ‘ರೈಲ್‌ಕಾರ್ಡ್’ ಎಂಬ ರಿಯಾಯಿತಿ ಚೀಟಿ ಬೇರೆ. ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರವನ್ನು ಮುಂದೆ ಹೇಳಿದ್ದೇನೆ. ಆದರೆ ಆ ಉತ್ತರದ ಹಿಂದೆ ನೂರೆಂಬತ್ತು ವರ್ಷಗಳ ಇತಿಹಾಸವಿದೆ, ಅದರಲ್ಲಿ ನಮ್ಮ ದೇಶದ ಪಾಲೂ ಇದೆ. ಮೊದಲು ಅದನ್ನು ನೋಡೋಣ.

ರೈಲು ಹುಟ್ಟಿದ ಕಾಲದಲ್ಲಿ ಇಂಗ್ಲೆಂಡಿನ ಬಡವನಿಗೆ ಅದರಲ್ಲಿ ಸರಿಯಾದ ಸ್ಥಾನವಿರಲಿಲ್ಲ. ಮೂರನೆಯ ದರ್ಜೆ ಎಂದರೆ ಅನೇಕ ಕಡೆ ಮಾಡಿಲ್ಲದ ತೆರೆದ ಬಂಡಿ. 1844ರಲ್ಲಿ ಗ್ಲಾಡ್‌ಸ್ಟನ್ ಅವರ ಪ್ರಯತ್ನದಿಂದ ಅಲ್ಲಿಯ ಸಂಸತ್ತು ಒಂದು ಕಾಯ್ದೆ ಮಾಡಿತು. ದಿನಕ್ಕೊಂದಾದರೂ ರೈಲು ಎಲ್ಲ ನಿಲ್ದಾಣಗಳಲ್ಲಿ ನಿಲ್ಲಬೇಕು. ಗಂಟೆಗೆ ಸರಾಸರಿ 12 ಮೈಲಿಗಿಂತ ನಿಧಾನವಾಗಿ ಹೋಗಬಾರದು. ಮೂರನೆಯ ದರ್ಜೆಗೂ ಮಾಡು ಮತ್ತು ಆಸನ ಇರಬೇಕು. ದರ ಮೈಲಿಗೆ ಒಂದು ಪೆನ್ನಿಯನ್ನು ಮೀರಬಾರದು. ಮೂರು ವರ್ಷದೊಳಗಿನ ಮಕ್ಕಳಿಗೆ ಉಚಿತ, ಹನ್ನೆರಡರವರೆಗೆ ಅರ್ಧ ದರ. ಖಾಸಗಿ ಕಂಪೆನಿಗಳ ಲಾಭದ ನಡುವೆ ಸಾಮಾನ್ಯನಿಗೊಂದು ಜಾಗವನ್ನು ಶಾಸನವೇ ಕಾಯ್ದಿರಿಸಿದ್ದು ಹೀಗೆ.

ನಮ್ಮಲ್ಲಿ 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಇಂಗ್ಲೆಂಡಿನ ದರ್ಜೆಗಳು ಬಂದವು. ಥಾಮಸ್ ಎಡ್ಮಂಡ್ಸನ್ ಎಂಬ ಸ್ಟೇಷನ್ ಮಾಸ್ತರನು ರೂಪಿಸಿದ, ಕ್ರಮಸಂಖ್ಯೆ ಮುದ್ರಿಸಿದ ಪುಟ್ಟ ರಟ್ಟಿನ ಟಿಕೆಟೂ ಬಂದಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಿರಿಯರಿಗೆ ಆ ಟಿಕೆಟಿನ ನೆನಪಿರಬಹುದು. ಆದರೆ ಮೂರನೆಯ ದರ್ಜೆಯ ಪ್ರಯಾಣಿಕನ ಬಗೆಗಿನ ಕಾಳಜಿ ಮಾತ್ರ ಅದೇ ಹಡಗಿನಲ್ಲಿ ಬರಲಿಲ್ಲ. ಇಲ್ಲಿಯ ರೈಲುಗಳಿಗೆ ಹೆಚ್ಚಿನ ಪ್ರಯಾಣಿಕರನ್ನು ಕೊಡುತ್ತಿದ್ದುದು ಆ ದರ್ಜೆಯೇ. ಸೌಕರ್ಯಗಳು ಮಾತ್ರ ಮೇಲಿನ ದರ್ಜೆಗಳಿಗೆ. ಗಾಂಧೀಜಿ 1917ರಲ್ಲಿ ಬರೆದ ಭಾರತೀಯ ರೈಲಿನ ಮೂರನೆಯ ದರ್ಜೆಯ ಕುರಿತ ಕಿರುಹೊತ್ತಗೆ ಈ ಅನ್ಯಾಯದ ದಾಖಲೆ.

ಇಂಗ್ಲೆಂಡಿನಲ್ಲಿ ಮಿಡ್‌ಲ್ಯಾಂಡ್ ರೈಲ್ವೆಯು 1875ರಲ್ಲಿ ಎರಡನೆಯ ದರ್ಜೆಯನ್ನು ರದ್ದು ಮಾಡಿತು. ಉಳಿದ ಕಂಪೆನಿಗಳೂ ಕ್ರಮೇಣ ಅದೇ ದಾರಿ ಹಿಡಿದವು. ಹೀಗೆ ಬಹುಕಾಲ ಒಂದು ಮತ್ತು ಮೂರು ಮಾತ್ರ ಇದ್ದು, ನಡುವಿನ ಎರಡು ಕಾಣೆಯಾಗಿದ್ದ ವಿಚಿತ್ರ ಗಣಿತ ಅಲ್ಲಿತ್ತು! 1956ರಲ್ಲಿ ಮೂರನೆಯದಕ್ಕೆ ‘ಎರಡನೆಯ ದರ್ಜೆ’ ಎಂದು ಹೆಸರಿಟ್ಟರು. 1987ರಲ್ಲಿ ಅದು ‘ಸ್ಟ್ಯಾಂಡರ್ಡ್’ ಆಯಿತು. ನಮ್ಮಲ್ಲಿ ಮೂರನೆಯ ದರ್ಜೆ ಅಳಿದದ್ದು 1974ರಲ್ಲಿ. ಬರಿಯ ಹೆಸರು ಬದಲಾದರೆ ಬೆನ್ನುನೋವು ಹೋಗುವುದೇ? 1977ರಲ್ಲಿ ರೈಲ್ವೆ ಮಂತ್ರಿಯಾದ ಪ್ರೊ. ಮಧು ದಂಡವತೆಯವರು ಎರಡನೆಯ ದರ್ಜೆಯ ಮರದ ಮಲಗುಹಲಗೆಗಳಿಗೆ ಮೆತ್ತೆ ಹೊದಿಸುವ ಕೆಲಸ ಆರಂಭಿಸಿದರು. ನನ್ನ ದೃಷ್ಟಿಯಲ್ಲಿ ಅದು ಸ್ವತಂತ್ರ ಭಾರತದ ರೈಲ್ವೆ ಇತಿಹಾಸದ ದೊಡ್ಡ ಸುಧಾರಣೆಗಳಲ್ಲೊಂದು.

ದಂಡವತೆಯವರ ಹೆಸರು ನಮ್ಮ ಊರಿಗೂ ಸಂಬಂಧಿಸಿದ್ದು. ಕೊಂಕಣ ರೈಲಿಗಾಗಿ ಹೋರಾಡಿದವರಲ್ಲಿ ಅವರು ಪ್ರಮುಖರು. 1990ರಲ್ಲಿ ನಿಗಮ ಸ್ಥಾಪನೆಯಾದಾಗ ಅವರು ಹಣಕಾಸು ಮಂತ್ರಿ, ನಮ್ಮ ಜಿಲ್ಲೆಯ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿ, ಇ. ಶ್ರೀಧರನ್ ನಿಗಮದ ಮುಖ್ಯಸ್ಥರು. 1998ರ ಜನವರಿ 26ರಂದು ಇಡೀ ಮಾರ್ಗ ಲೋಕಾರ್ಪಣೆಗೊಂಡಿತು. ಸೇನಾಪುರಕ್ಕೂ ಬೈಂದೂರಿಗೂ ನಡುವೆ ಬಿಜೂರಿಗೂ ಒಂದು ನಿಲ್ದಾಣ ದೊರೆಯಿತು. ಆದರೆ ಈ ಮಾರ್ಗದ ಬಹುಪಾಲು ಹಣ ಸಾಲಪತ್ರಗಳಿಂದ ಬಂದದ್ದು. ಆ ಸಾಲ ತೀರಿಸುವ ಸಲುವಾಗಿ ದರ ನಿಗದಿಯಲ್ಲಿ ದೂರವನ್ನು ಶೇಕಡಾ 40ರಷ್ಟು ಹಿಗ್ಗಿಸಿ ಲೆಕ್ಕ ಹಾಕುವ ಕ್ರಮವನ್ನು ತಂದರು. ನೂರು ಕಿಲೋಮೀಟರು ಹೋದವನು ನೂರನಲವತ್ತಕ್ಕೆ ಹಣ ತೆತ್ತನು. ಟಿಕೆಟಿನ ದರ ಕೇವಲ ದೂರದ ಲೆಕ್ಕವಲ್ಲ, ಯಾರು ಎಷ್ಟು ಭಾರ ಹೊರಬೇಕೆಂಬ ತೀರ್ಮಾನ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಈಗ ರೈಲ್‌ಕಾರ್ಡಿನ ವಿಷಯ. ಬ್ರಿಟಿಷ್ ರೈಲ್ ಸಂಸ್ಥೆಯು ವಿದ್ಯಾರ್ಥಿಗಳಿಗೆ 1974ರಲ್ಲೂ ಹಿರಿಯರಿಗೆ 1975ರಲ್ಲೂ ಕಾರ್ಡುಗಳನ್ನು ಆರಂಭಿಸಿತು. ಖಾಲಿ ಓಡುವ ಆಸನಗಳನ್ನು ತುಂಬಿಸುವ ವ್ಯಾಪಾರಬುದ್ಧಿ ಅದರಲ್ಲಿತ್ತು. ಆದರೆ ಮುಖ್ಯ ಘಟ್ಟ ಬಂದದ್ದು ರೈಲುಗಳನ್ನು ಖಾಸಗಿಯವರಿಗೆ ಒಪ್ಪಿಸಿದ 1993ರ ಕಾಯ್ದೆಯಲ್ಲಿ. ಯುವಜನರು, ಅರವತ್ತು ದಾಟಿದವರು ಮತ್ತು ಅಂಗವಿಕಲರ ರಿಯಾಯಿತಿ ಯೋಜನೆಗಳಲ್ಲಿ ಕಂಪೆನಿಗಳು ಭಾಗವಹಿಸಲೇಬೇಕೆಂದು ಆ ಕಾಯ್ದೆ ವಿಧಿಸಿತು. 1844ರ ಮಾತನ್ನೇ ಸಂಸತ್ತು ಮತ್ತೊಮ್ಮೆ ಆಡಿದಂತಾಯಿತು.

ಪ್ರಯಾಣ ಹೊರಡುವವರಿಗೆ ಬೇಕಾದದ್ದು ಇಷ್ಟು. ಅರವತ್ತು ತುಂಬಿದ ಯಾರೇ ಆದರೂ, ಭಾರತೀಯ ಪ್ರವಾಸಿಯಾದರೂ, ಪಾಸ್‌ಪೋರ್ಟು ತೋರಿಸಿ ಹಿರಿಯರ ಕಾರ್ಡನ್ನು ಕೊಳ್ಳಬಹುದು; ಒಂದು ವರ್ಷ ಕಾಲ ದರದಲ್ಲಿ ಮೂರನೆಯ ಒಂದು ಭಾಗ ಕಡಿತ. ಅರವತ್ತಾಗದ ದಂಪತಿಗಳಿಗೆ 2014ರಲ್ಲಿ ದೇಶವ್ಯಾಪಿಯಾಗಿ ಬಂದ ‘ಟೂ ಟುಗೆದರ್’ ಕಾರ್ಡಿದೆ. ಇದರಲ್ಲಿ ಇಬ್ಬರೂ ಕೂಡಿಯೇ ಪ್ರಯಾಣಿಸಬೇಕು, ವಾರದ ಕೆಲಸದ ದಿನಗಳಲ್ಲಿ ಬೆಳಗಿನ ಒಂಬತ್ತೂವರೆಯ ಮೊದಲು ನಡೆಯದು. ಮೊಮ್ಮಕ್ಕಳೊಡನೆ ತಿರುಗುವವರಿಗೆ ಕುಟುಂಬ ಕಾರ್ಡು ಮೇಲು; ಮಕ್ಕಳ ದರದಲ್ಲಿ ಶೇಕಡಾ 60ರ ಕಡಿತವಿದೆ. ದಿನವೂ ದೂರದ ಊರುಗಳನ್ನು ಸುತ್ತುವವರು ಮಾತ್ರ ವಿದೇಶೀಯರಿಗಾಗಿಯೇ ಇರುವ ಬ್ರಿಟ್‌ರೈಲ್ ಪಾಸನ್ನು ಯೋಚಿಸಲಿ. ಮುಂಗಡ ಟಿಕೆಟು ಅಗ್ಗ, ಆದರೆ ಅದು ಗೊತ್ತಾದ ಒಂದೇ ರೈಲಿಗೆ ಕಟ್ಟುಬಿದ್ದದ್ದು. ತಪ್ಪಿಸಿಕೊಂಡರೆ ಹಣ ಹೋಯಿತು. ಇನ್ನೊಂದು ವಿಶೇಷ: ನಮ್ಮಲ್ಲಿ ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದರಿಂದ ಒಂದೇ ಟಿಕೆಟು ಲಾಭ. ಅಲ್ಲಿ ಮಧ್ಯದ ಊರಿಗೊಂದು, ಅಲ್ಲಿಂದ ಮುಂದಕ್ಕೊಂದು ಎಂದು ಒಡೆದು ಕೊಂಡರೆ ಎಷ್ಟೋ ಸಲ ಕಡಿಮೆ ಬೀಳುತ್ತದೆ. ಆ ಮಧ್ಯದ ಊರಿನಲ್ಲಿ ರೈಲು ನಿಲ್ಲುವಂತಿದ್ದರೆ ಸರಿ.

ಇಷ್ಟೆಲ್ಲ ಹೇಳುವಾಗ ನಮ್ಮ ಮನೆಯ ಲೆಕ್ಕವನ್ನೂ ನೋಡಬೇಕು. ನಮ್ಮ ಹಿರಿಯರಿಗೆ ಯಾವ ಕಾರ್ಡನ್ನೂ ಕೊಳ್ಳಬೇಕಾಗಿರಲಿಲ್ಲ. ಅರವತ್ತಾದ ಪುರುಷರಿಗೆ ಶೇಕಡಾ 40, ಐವತ್ತೆಂಟಾದ ಮಹಿಳೆಯರಿಗೆ ಶೇಕಡಾ 50 ರಿಯಾಯಿತಿ, ವಯಸ್ಸು ಹೇಳಿದರೆ ಸಿಗುತ್ತಿತ್ತು. ಇಂಗ್ಲೆಂಡಿನದಕ್ಕಿಂತ ಉದಾರವಾದ ಕೊಡುಗೆಯದು. 2020ರ ಮಾರ್ಚ್ 20ರಿಂದ, ಕೊರೋನಾ ಕಾಲದಲ್ಲಿ ವೃದ್ಧರ ಓಡಾಟ ತಗ್ಗಿಸಲೆಂದು, ಅದನ್ನು ನಿಲ್ಲಿಸಲಾಯಿತು. ರೋಗ ಹೋಯಿತು, ರಿಯಾಯಿತಿ ಮರಳಲಿಲ್ಲ. ಪ್ರತಿಯೊಬ್ಬ ಪ್ರಯಾಣಿಕನಿಗೂ ಸರಾಸರಿ ಶೇಕಡಾ 46ರಷ್ಟು ಸಹಾಯಧನ ಈಗಾಗಲೇ ಇದೆ ಎಂಬುದು ಸರಕಾರ ಕೊಟ್ಟ ಉತ್ತರ. ಅದರಲ್ಲಿ ಹುರುಳಿಲ್ಲವೆನ್ನಲಾರೆ, ನಮ್ಮ ಎರಡನೆಯ ದರ್ಜೆಯ ದರ ಜಗತ್ತಿನ ಅಗ್ಗದ ದರಗಳಲ್ಲೊಂದು. ಆದರೆ ಎಲ್ಲರಿಗೂ ಸಿಗುವುದು ಬೇರೆ, ಸಂಪಾದನೆ ನಿಂತವನ ಕೈ ಹಿಡಿಯುವುದು ಬೇರೆ. ಮುಂಬಯಿಯ ಹೋಟೆಲಿನಲ್ಲಿ ಆಯುಷ್ಯ ಸವೆಸಿ, ಪಿಂಚಣಿಯಿಲ್ಲದೆ ಊರಿಗೆ ಮರಳಿದ ಹಿರಿಯನಿಗೆ ಆ ನಲವತ್ತರ ಬೆಲೆ ಚೆನ್ನಾಗಿ ಗೊತ್ತು.

ವಿದ್ಯಾರ್ಥಿಗಳ, ರೋಗಿಗಳ ಮತ್ತು ಅಂಗವಿಕಲರ ಕೆಲವು ವರ್ಗಗಳ ರಿಯಾಯಿತಿ ಮಾತ್ರ ಉಳಿದುಕೊಂಡಿತು. ಗ್ರಾಮೀಣ ಸರಕಾರಿ ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ಅಧ್ಯಯನ ಪ್ರವಾಸಕ್ಕೆ ಎರಡನೆಯ ದರ್ಜೆಯಲ್ಲಿ ಶೇಕಡಾ 75ರ ಕಡಿತವಿದೆ. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಇದನ್ನು ಮರೆಯದೆ ಬಳಸಿಕೊಳ್ಳಿರಿ.

ಎರಡು ದೇಶಗಳ ಈ ಕಥೆಯಿಂದ ತಿಳಿಯುವುದು ಒಂದೇ. ಆದೇಶದಿಂದ ಬಂದ ರಿಯಾಯಿತಿ ಆದೇಶದಿಂದಲೇ ಹೋಗುತ್ತದೆ. ಶಾಸನದಲ್ಲಿ ಬರೆದದ್ದನ್ನು ಕಿತ್ತುಹಾಕಲು ಜನಪ್ರತಿನಿಧಿಗಳು ಎದ್ದು ನಿಂತು, ಎಲ್ಲರೂ ಕೇಳುವಂತೆ ಹಾಗೆಂದು ಹೇಳಬೇಕಾಗುತ್ತದೆ. ಇಂಗ್ಲೆಂಡಿನ ನಿಲ್ದಾಣದಲ್ಲಿ ಕಾರ್ಡು ತೋರಿಸಿ ಮೂರನೆಯ ಒಂದು ಭಾಗ ಉಳಿಸುವ ನಮ್ಮ ಊರಿನ ಹಿರಿಯರು ಊರಿಗೆ ಬಂದ ಮೇಲೆ ಈ ಮಾತನ್ನೂ ನಾಲ್ಕು ಜನರಿಗೆ ತಿಳಿಸಲಿ.