‘ಗಿಂತ’ ಎಂಬ ಎರಡಕ್ಷರ

ರಾಜಾಜಿನಗರ, ವಿಜಯನಗರ, ಕೆಂಗೇರಿಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಮ್ಮ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಾರೆ. ಅವರಿಗಾಗಿ ಈ ಬರಹ.

“ರವಿಯ ಬಳಿ 8 ಗೋಲಿಗಳಿವೆ. ಅವನ ಬಳಿ ಸೀತೆಗಿಂತ 3 ಹೆಚ್ಚು ಇವೆ. ಸೀತೆಯ ಬಳಿ ಎಷ್ಟು?” ‘ಹೆಚ್ಚು’ ಎಂಬ ಪದ ಕಂಡೊಡನೆ ಎಳೆಯ ಮಕ್ಕಳು ಕೂಡಿಸಿ 11 ಎನ್ನುತ್ತಾರೆ. ಸರಿಯುತ್ತರ 5. ತೊಡಕಿರುವುದು ಸಂಖ್ಯೆಯಲ್ಲಲ್ಲ, ‘ಗಿಂತ’ ಯಾರ ಹೆಸರಿಗೆ ಅಂಟಿದೆ ಎಂಬುದರಲ್ಲಿ.

ಹೋಲಿಕೆಯ ಲೆಕ್ಕ ಕನ್ನಡನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರಲ್ಲಿ ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಾಣುತ್ತಾರೆ. ಅದು ತನಗೆ ದೊರೆತರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನದಾಗುವುದೆಂದು ಮೊದಲನೆಯವನು, ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು ಹೇಳುತ್ತಾನೆ. ಅತಿ ಚಿಕ್ಕ ಉತ್ತರ: ಅವರ ಬಳಿ ಕ್ರಮವಾಗಿ 1, 3, 5, ಚೀಲದಲ್ಲಿ 15. ಇಲ್ಲಿಯೂ ಯಾರನ್ನು ಯಾರೊಡನೆ ಹೋಲಿಸಿದೆಯೆಂದು ತಿಳಿಯದೆ ಮುಂದುವರಿಯಲಾಗದು.

12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಲೆಕ್ಕವು ಆಡುವ ಮಾತಿಗೆ ಹತ್ತಿರವಾದುದು ಸಣ್ಣ ಸಂಗತಿಯಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ಯು ಕೈಯಿಂದ ಮಾಡಿ ಕಲಿಯುವುದನ್ನು ಸರಕಾರಿ ಶಾಲೆಗಳಿಗೆ ತಂದಿತು.

ಮನೆಯಲ್ಲಿಯೂ ಇದನ್ನೇ ಮಾಡಬಹುದು. ರವಿಯ ಸಾಲಿನಲ್ಲಿ 8 ಹುಣಸೆಬೀಜಗಳನ್ನಿಡಿ. ಅವುಗಳಲ್ಲಿ ಹೆಚ್ಚಿನ 3ನ್ನು ಮಗುವೇ ಬೇರ್ಪಡಿಸಲಿ; ಉಳಿದವುಗಳಿಗೆ ಒಂದಕ್ಕೊಂದು ಸರಿಯಾಗಿ ಸೀತೆಯ ಸಾಲನ್ನು ಜೋಡಿಸಲಿ. ಅನಂತರ “ಸೀತೆಯ ಬಳಿ ರವಿಗಿಂತ 3 ಕಡಿಮೆ” ಎಂದು ವಾಕ್ಯವನ್ನು ತಿರುಗಿಸಿ ಹೇಳಿಸಿ.

11 ಎಂದ ಮಗುವನ್ನು ಲೆಕ್ಕದಲ್ಲಿ ದಡ್ಡನೆಂದು ಕರೆಯಬೇಡಿ. ಅದು ಕೂಡುವುದನ್ನು ಬಲ್ಲದು; ವಾಕ್ಯವನ್ನು ಓದುವುದನ್ನು ನಾವು ಕಲಿಸಬೇಕಾಗಿದೆ.