ಠೇವಣಿ ಆಧಾರಿತ ಕ್ರೆಡಿಟ್ ಕಾರ್ಡ್

ಸಾಲದ ದಾಖಲೆ ಕೆಟ್ಟವರಿಗೆ ನಿಶ್ಚಿತ ಠೇವಣಿಯ ಭದ್ರತೆಯ ಮೇಲೆ ಬ್ಯಾಂಕು ಕೊಡುವ ಕಾರ್ಡ್. ಸಾಲದ ದಾಖಲೆಗೆ ಸಿಗುವ, 300ರಿಂದ 900ರವರೆಗಿನ ಸಿಬಿಲ್ ಅಂಕವನ್ನು ಸುಧಾರಿಸಿಕೊಳ್ಳಲು ಇದು ನಿಧಾನದ, ಆದರೆ ಕೈಗೆಟಕುವ ದಾರಿ. ಚೊಳಚಗುಡ್ಡದ ಬನಶಂಕರಿ ಜಾತ್ರೆಯಲ್ಲಿ ಅಂಗಡಿ ಹಾಕುವವರಾಗಲಿ, ಇಳಕಲ್ಲಿನ ನೇಕಾರರಾಗಲಿ ಉದ್ರಿ, ಕೈಗಡವನ್ನು ಎಷ್ಟೇ ನಿಯತ್ತಾಗಿ ತೀರಿಸಿದರೂ ಅದು ಈ ಲೆಕ್ಕಕ್ಕೆ ಬಾರದು. ಆದರೆ ಬ್ಯಾಂಕಿನ ಕಂತು ತಪ್ಪಿದರೆ ದಾಖಲಾಗುತ್ತದೆ. ಅನ್ಯಾಯವೆನಿಸಿದರೂ ಪದ್ಧತಿ ಹೀಗಿದೆ. ಕಾರ್ಡಿನಲ್ಲಿ ಮಿತಿಯ ಸಣ್ಣ ಪಾಲನ್ನಷ್ಟೇ ಬಳಸಿ, ಗಡುವಿನೊಳಗೆ ಪೂರ್ತಿ ಬಿಲ್ಲು ಕಟ್ಟಬೇಕು. ಕನಿಷ್ಠ ಮೊತ್ತ ಕಟ್ಟಿದರೆ ಸುಸ್ತಿಯೆಂದು ದಾಖಲಾಗದು, ಬಡ್ಡಿ ಮಾತ್ರ ಬೆಳೆಯುತ್ತದೆ. ಎಟಿಎಂನಲ್ಲಿ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ. ಹಳೆಯ ಸುಸ್ತಿ ಈ ಕಾರ್ಡಿನಿಂದ ಅಳಿಸಿಹೋಗದು. ಅದನ್ನು ಪ್ರತ್ಯೇಕವಾಗಿ ತೀರಿಸಬೇಕು. ಬ್ಯಾಂಕುಗಳು ಸಿಬಿಲ್‌ನಂಥ ಸಂಸ್ಥೆಗಳಿಗೆ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸುವ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತು. ಈ ಸಂಸ್ಥೆಗಳಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತ.