ಚಿತ್ರ ಹೋಯಿತು, ಅಕ್ಷರ ಮನೆಯಲ್ಲೇ ಉಳಿಯಿತು

2000ನೇ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಿದ್ದವರಿಗೆ ಒಂದಲ್ಲ ಒಂದು ದಿನ ಈ ಅನುಭವ ಆಗಿಯೇ ಇರುತ್ತದೆ. ಉಡುಪಿಯಲ್ಲಿ ಕುಳಿತು, ವಿಚಾರಗೋಷ್ಠಿಗೆಂದು ಹದಿನೈದು ಇಪ್ಪತ್ತು ಸ್ಲೈಡುಗಳನ್ನು ಅಂದವಾಗಿ ಜೋಡಿಸಿ, ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಇರುವ ಸಹೋದ್ಯೋಗಿಗೆ ಇಮೇಲಿನಲ್ಲಿ ಕಳಿಸಿದ್ದಾಗಿದೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಫೋನು: "ಮಾರಾಯ್ರೆ, ಚಿತ್ರ ಬಂದಿದೆ, ಅಕ್ಷರ ಬಂದಿಲ್ಲ!"

ಅಕ್ಷರ ಬಂದಿಲ್ಲ ಎಂದರೆ ಏನೂ ಬಂದಿಲ್ಲವೆಂದಲ್ಲ. 'ಕನ್ನಡ' ಎಂಬ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಒಂದು ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಒಂದು ಎ, ಬ್ರಿಟಿಷ್ ಪೌಂಡಿನ ಗುರುತು, ಜರ್ಮನ್ ಲಿಪಿಯ ಒಂದು ಅಕ್ಷರ, ಮತ್ತೊಂದು ಕ್ಯೂ ಸಾಲಾಗಿ ನಿಂತಿರುತ್ತಿದ್ದವು. ನುಡಿ ತಂತ್ರಾಂಶದ ಅಕ್ಷರಶೈಲಿಯಲ್ಲಿ ಬರೆದದ್ದು ಆ ಶೈಲಿ ಇಲ್ಲದ ಯಂತ್ರದಲ್ಲಿ ತೆರೆದುಕೊಳ್ಳುತ್ತಿದ್ದ ಪರಿ ಇದು. ನಮ್ಮ 'ನ'ಕಾರ ಪೌಂಡ್ ಆಗಿಬಿಡುತ್ತಿತ್ತು! ಇಂಗ್ಲಿಷ್ ಸ್ಲೈಡುಗಳಿಗೆ ಈ ಗತಿ ಬರುತ್ತಿರಲಿಲ್ಲ. ಹೀಗೇಕೆ ಆಗುತ್ತಿತ್ತು ಎಂಬುದನ್ನು ತಿಳಿಯಲು ಸ್ಲೈಡು ಊರು ದಾಟಿದ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಸ್ಲೈಡ್ ಎಂಬ ಮಾತು ನಮ್ಮವರಿಗೆ ಹೊಸದಲ್ಲ. ಟಾಕೀಸುಗಳಲ್ಲಿ ಸಿನೆಮಾ ಶುರುವಾಗುವ ಮೊದಲು ಬಟ್ಟೆ ಅಂಗಡಿಯ, ಹೋಟೆಲಿನ ಜಾಹೀರಾತುಗಳನ್ನು ಗಾಜಿನ ಸ್ಲೈಡಿನಲ್ಲಿ ತೋರಿಸುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ವೈದ್ಯಕೀಯ ಕಾಲೇಜುಗಳಲ್ಲಿ ಅದಕ್ಕಿಂತ ಗಂಭೀರವಾದ ಬಳಕೆಯಿತ್ತು. ರೋಗದ ಲಕ್ಷಣವನ್ನೋ ಎಕ್ಸ್‌ರೇಯನ್ನೋ 35 ಮಿಲಿಮೀಟರ್ ಫಿಲ್ಮಿನಲ್ಲಿ ಸೆರೆಹಿಡಿದು, ಪುಟ್ಟ ಚೌಕಟ್ಟಿಗೆ ಸಿಕ್ಕಿಸಿ, 80 ಸ್ಲೈಡುಗಳ ದುಂಡನೆಯ ತಟ್ಟೆಯಲ್ಲಿ ಕ್ರಮವಾಗಿ ಇರಿಸಿ, ಪಾಠದ ಕೋಣೆಯ ಕಿಟಕಿ ಮುಚ್ಚಿ ತೋರಿಸುವುದು. ಇಲ್ಲಿ ದೂರದವರಿಗೆ ತೋರಿಸಬೇಕಾದರೆ ಒಂದೇ ದಾರಿ: ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸೋ ವಿಮಾನವೋ ಹತ್ತುವುದು.

ಮಣಿಪಾಲದಂಥ ಊರಿಗೆ ಈ ದೂರ ಬರೀ ಮಾತಿನದಲ್ಲ. ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಲ್ಲಿ ಶುರುವಾದಾಗ ಅದು ಬೋಳುಗುಡ್ಡೆಯ ಮೇಲಿನ ಸಾಹಸ. ನಾಲ್ಕು ದಶಕ ಕಳೆಯುವಷ್ಟರಲ್ಲಿ ಅದರ ಬಳ್ಳಿ ಹೊರದೇಶಕ್ಕೆ ಹಬ್ಬಿತು. 1994ರಲ್ಲಿ ನೇಪಾಳದ ಪೋಖರಾದಲ್ಲಿ ಕಾಲೇಜು, 1997ರಲ್ಲಿ ಮಲೇಷ್ಯಾದ ಮೆಲಾಕಾ ಜೊತೆ ಸೇರಿ ಇನ್ನೊಂದು. ಮೆಲಾಕಾ ವಿದ್ಯಾರ್ಥಿಗಳು ಮೊದಲ ಭಾಗವನ್ನು ಮಣಿಪಾಲದಲ್ಲಿ ಓದಿ, ರೋಗಿಯ ಹಾಸಿಗೆಯ ಬಳಿಯ ಕಲಿಕೆಗೆ ಸಮುದ್ರ ದಾಟುತ್ತಿದ್ದರು. ಹೀಗೆ ಒಂದೇ ಪಾಠ ಎರಡು ದೇಶಗಳಲ್ಲಿ ಹರಿದು ಹಂಚಿಹೋದಾಗ, ಸ್ಲೈಡು ಮಾತ್ರ ಒಂದೇ ಕಪಾಟಿನಲ್ಲಿ ಕೂತಿದ್ದರೆ ಸಾಲದು.

ಕಂಪ್ಯೂಟರಿನಲ್ಲಿ ಸ್ಲೈಡ್ ರಚಿಸುವ ಪವರ್‌ಪಾಯಿಂಟ್ ತಂತ್ರಾಂಶ ಬಂದದ್ದು 1987ರಲ್ಲಿ. ಅಮೆರಿಕದ ಫೋರ್‌ಥಾಟ್ ಎಂಬ ಸಣ್ಣ ಕಂಪೆನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಮುಂತಾದವರು ಅದನ್ನು ರೂಪಿಸಿದರು. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರು ಕೊಟ್ಟು ಇಡೀ ಕಂಪೆನಿಯನ್ನು ಕೊಂಡಿತು. ಮರುವರ್ಷ ಬಂದ ಎರಡನೆಯ ಆವೃತ್ತಿಯಲ್ಲಿ ಒಂದು ವಿಚಿತ್ರ ಸೌಲಭ್ಯವಿತ್ತು. ಕಂಪ್ಯೂಟರಿನಲ್ಲಿ ಮಾಡಿದ ಸ್ಲೈಡುಗಳನ್ನು ಮೋಡೆಮ್ ಮೂಲಕ ಟೆಲಿಫೋನ್ ತಂತಿಯಲ್ಲಿ ಜೆನಿಗ್ರಾಫಿಕ್ಸ್ ಎಂಬ ಸಂಸ್ಥೆಗೆ ಕಳಿಸಿದರೆ, ಅವರು ಅದನ್ನು 35 ಮಿಲಿಮೀಟರ್ ಫಿಲ್ಮಿಗೆ ಇಳಿಸಿ ಕೊರಿಯರಿನಲ್ಲಿ ಹಿಂದಕ್ಕೆ ಕಳಿಸುತ್ತಿದ್ದರು. ಹೋಗುವಾಗ ತಂತಿ, ಬರುವಾಗ ಚೀಲ! ಜಾಲದಲ್ಲಿ ಸ್ಲೈಡ್ ಪ್ರಯಾಣ ಮಾಡಿದ್ದು ಹೀಗೆ, ಅರ್ಧ ದಾರಿ ಮಾತ್ರ.

ನಮ್ಮಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು, ಅದೂ ಮಹಾನಗರಗಳಲ್ಲಿ. ಮುಂದೆ ಟೆಲಿಫೋನ್ ತಂತಿಯ ಮೋಡೆಮ್ ಊರೂರಿಗೆ ಬಂತು. ಫೋಟೋಗಳಿರುವ ಐದು ಮೆಗಾಬೈಟಿನ ಒಂದು ಸ್ಲೈಡ್ ಕಟ್ಟನ್ನು 33.6 ಕಿಲೋಬಿಟ್ ವೇಗದ ಮೋಡೆಮ್‌ನಲ್ಲಿ ಕಳಿಸಲು, ತಂತಿ ನಡುವೆ ಕೈಕೊಡದಿದ್ದರೆ, 20 ನಿಮಿಷ ಬೇಕು. ಹಾಗಾಗಿ ಜನ ಒಂದು ಉಪಾಯ ಹುಡುಕಿದರು: ದೊಡ್ಡ ಚಿತ್ರವನ್ನೋ ಲೆಕ್ಕದ ಕೋಷ್ಟಕವನ್ನೋ ಸ್ಲೈಡಿನೊಳಗೆ ತುಂಬದೆ, ಅದು ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಇಡುವುದು. ಇದಕ್ಕೆ ಲಿಂಕ್ ಎಂದು ಹೆಸರು. ಅಕ್ಕಿ ಮುಡಿಯನ್ನೇ ಹೊತ್ತುಕೊಂಡು ಹೋಗುವುದಕ್ಕೂ, 'ಮುಡಿ ಅಟ್ಟದ ಮೇಲಿದೆ' ಎಂಬ ಚೀಟಿ ಹಿಡಿದು ಹೋಗುವುದಕ್ಕೂ ಇರುವ ವ್ಯತ್ಯಾಸ ಅದು. ಮನೆಯಲ್ಲಿ ಇರುವಷ್ಟು ಹೊತ್ತು ಚೀಟಿ ಸಾಕು. ಪರವೂರಿಗೆ ಹೋದ ಮೇಲೆ ಚೀಟಿ ಬೇಯಿಸಿ ಉಣ್ಣಲಾಗದು. ದೂರದ ಸಹೋದ್ಯೋಗಿ ಸ್ಲೈಡು ತೆರೆದಾಗ ಚಿತ್ರದ ಜಾಗದಲ್ಲಿ ಕೆಂಪು ಕಾಟು ಗುರುತು ಕಂಡರೆ, ಅಕ್ಕಿ ಅಟ್ಟದಲ್ಲೇ ಉಳಿದಿದೆ ಎಂದರ್ಥ.

ಚಿತ್ರದ ಲಿಂಕ್ ಮುರಿದರೆ ಮತ್ತೆ ಕಳಿಸಬಹುದು. ಕನ್ನಡದ ವಿಷಯದಲ್ಲಿ ಅಕ್ಷರವೇ ಒಂದು ಲಿಂಕ್ ಆಗಿತ್ತು ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿರಲಿಲ್ಲ.

ಕಂಪ್ಯೂಟರಿಗೆ ಗೊತ್ತಿರುವುದು ಅಂಕಿ ಮಾತ್ರ. ಇಂಥ ಅಂಕಿಗೆ ಇಂಥ ಅಕ್ಷರ ಎಂಬ ಪಟ್ಟಿ ಎರಡೂ ತುದಿಯಲ್ಲಿ ಒಂದೇ ಆಗಿರಬೇಕು. ಕಾಪುವಿನ ಕಡಲ ಬಂಡೆಯ ಮೇಲೆ 1901ರಲ್ಲಿ ಎದ್ದ ದೀಪಸ್ತಂಭವನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಒಂದೊಂದು ದೀಪಸ್ತಂಭಕ್ಕೂ ತನ್ನದೇ ಮಿನುಗಿನ ಲಯವುಂಟು. ಯಾವ ಲಯ ಯಾವ ಊರಿನದು ಎಂಬ ಪಟ್ಟಿ ಹಡಗಿನವರ ಬಳಿಯೂ ಇರುತ್ತದೆ. ಪಟ್ಟಿ ಇದ್ದವನಿಗೆ 'ಇದು ಕಾಪು' ಎಂದು ತಿಳಿಯುತ್ತದೆ, ಇಲ್ಲದವನಿಗೆ ಬರೀ ಬೆಳಕು. ಇಂಗ್ಲಿಷಿನ ಪಟ್ಟಿ ಜಗತ್ತಿನ ಎಲ್ಲ ಯಂತ್ರಗಳಲ್ಲೂ ಇತ್ತು. ಕನ್ನಡಕ್ಕೆ ಹಾಗಲ್ಲ. ಶ್ರೀಲಿಪಿ, ಪ್ರಕಾಶಕ್, ಬರಹ, ನುಡಿ ಎಂದು ಬೇರೆ ಬೇರೆ ತಂತ್ರಾಂಶಗಳು. ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ತಮ್ಮ ತಮ್ಮ ಅನುಕೂಲದಂತೆ ಕೂರಿಸಿದ್ದರು. ನುಡಿ ಮತ್ತು ಬರಹಗಳ ನಡುವೆ ಮುಂದೆ ಹೊಂದಾಣಿಕೆ ಬಂತಾದರೂ, ಅಕ್ಷರಶೈಲಿಯ ಕಡತವೇ ಇಲ್ಲದ ದುಬಾಯಿಯ ಯಂತ್ರಕ್ಕೆ ಅದರಿಂದ ಪ್ರಯೋಜನವಿರಲಿಲ್ಲ.

ಕನ್ನಡವನ್ನು ಯಂತ್ರಕ್ಕೆ ಹೇಗೆ ಉಣಿಸಬೇಕು ಎಂದು ಮೊದಲು ಚಿಂತಿಸಿದವರಲ್ಲಿ ಈ ಜಿಲ್ಲೆಯ ನಂಟಿದ್ದವರೇ ಒಬ್ಬರು: ಕೆ.ಪಿ. ರಾವ್. ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಬಳಿಕ ಅಚ್ಚಿನ ಯಂತ್ರಗಳ ಮೋನೋಟೈಪ್ ಕಂಪೆನಿಯಲ್ಲಿ ದುಡಿದು, ಮುಂದೆ ಮಣಿಪಾಲಕ್ಕೆ ಬಂದು ನೆಲೆಸಿದವರು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'. ಭಾಷೆ, ಛಂದಸ್ಸುಗಳ ದೊಡ್ಡ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಕಂಪ್ಯೂಟರ್ ತಂತ್ರಾಂಶಕ್ಕೆ ವೈಯಾಕರಣಿಯೊಬ್ಬರ ಹೆಸರಿಡುವ ಮನಸ್ಸು ಇನ್ನೆಲ್ಲಿ ಸಿಕ್ಕೀತು? ಅದು ಬರೀ ಗೌರವವೂ ಅಲ್ಲ. ರಾವ್ ಅವರ ಕೀಲಿಮಣೆಯ ತರ್ಕವೇ ವ್ಯಾಕರಣದ್ದು. ಬೆರಳಚ್ಚು ಯಂತ್ರ ಕನ್ನಡವನ್ನು ತಲೆಕಟ್ಟು, ಕೊಂಬು, ಒತ್ತು ಎಂದು ಆಕಾರದ ತುಂಡುಗಳಾಗಿ ಕಂಡಿತ್ತು. ರಾವ್ ಅದನ್ನು ಸ್ವರ ಮತ್ತು ವ್ಯಂಜನಗಳಾಗಿ ಕಂಡರು. ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿ ಕೀಲಿ. 'ಕನ್ನಡ' ಎಂದು ಬರೆಯಲು ಐದೇ ಒತ್ತು: ಕ, ನ, ಕೊಂಡಿ, ನ, ಡ. ರಾಜ್ಯ ಸರ್ಕಾರ ಮುಂದೆ ಇದೇ ವಿನ್ಯಾಸವನ್ನು ಶಿಷ್ಟವೆಂದು ಒಪ್ಪಿಕೊಂಡಿತು. ಅವರು ತಮ್ಮ ತಂತ್ರಾಂಶವನ್ನು ಉಚಿತವಾಗಿ ಬಿಟ್ಟುಕೊಟ್ಟದ್ದನ್ನೂ ಹೇಳಬೇಕು.

ಆದರೆ ಬರೆಯುವ ಕೈ ಒಂದಾದರೂ ಒಳಗಿನ ಪಟ್ಟಿ ಒಂದಾಗಿರಲಿಲ್ಲ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಎಂಬ ಯುನಿಕೋಡ್ 1991ರಲ್ಲಿ ಪ್ರಕಟವಾದಾಗ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಒಟ್ಟು 128 ಮನೆಗಳು. ಸಾಮಾನ್ಯ ಬಳಕೆದಾರನ ಯಂತ್ರಕ್ಕೆ ಅದು ಇಳಿದದ್ದು 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ಬಂದ 'ತುಂಗಾ' ಅಕ್ಷರಶೈಲಿಯೊಂದಿಗೆ. ಈ ಹತ್ತು ವರ್ಷ, ಮತ್ತು ಕಚೇರಿ ಕಾಲೇಜುಗಳು ಹಳೆಯ ಅಭ್ಯಾಸ ಬಿಡಲು ಹಿಡಿದ ಇನ್ನೂ ಕೆಲವು ವರ್ಷ, ಕನ್ನಡಕ್ಕೆ ನಷ್ಟದ ಬಾಬತ್ತು. ಕನ್ನಡದಲ್ಲಿ ಮಾಡಿದ ಸ್ಲೈಡು ಆ ತುದಿಯಲ್ಲಿ ತೆರೆಯುತ್ತದೋ ಇಲ್ಲವೋ ಎಂಬ ಅಂಜಿಕೆಯಿರುವವನು ಸುರಕ್ಷಿತ ದಾರಿ ಹಿಡಿಯುತ್ತಾನೆ, ಇಂಗ್ಲಿಷಿನಲ್ಲೇ ಬರೆಯುತ್ತಾನೆ. ಮಾತು ಕನ್ನಡದಲ್ಲಿ, ಪರದೆ ಇಂಗ್ಲಿಷಿನಲ್ಲಿ ಎಂಬ ಇಂದಿನ ಸಭೆಗಳ ರೂಢಿಗೆ ಭಾಷೆಯ ಮೇಲಿನ ಅನಾದರವೊಂದೇ ಕಾರಣ ಎನ್ನುವುದು ಸರಿಯಲ್ಲ. ಅದರಲ್ಲಿ ಒಂದು ಪಾಲು ಈ ಪೌಂಡಿನ ಗುರುತಿಗೂ ಸಲ್ಲಬೇಕು.

ಕಡತದ ಗೊಡವೆಯೇ ಬೇಡ, ನೋಟವನ್ನೇ ಕಳಿಸೋಣ ಎಂಬ ಇನ್ನೊಂದು ದಾರಿಯೂ ಇತ್ತು. ನೋಟ ಕಳಿಸಿದರೆ ಯಾವ ಲಿಂಕೂ ಮುರಿಯುವುದಿಲ್ಲ, ಕನ್ನಡ ಕನ್ನಡವಾಗಿಯೇ ಕಾಣುತ್ತದೆ. 1975-76ರಲ್ಲಿ ಅಮೆರಿಕದ ಉಪಗ್ರಹದ ಮೂಲಕ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಟಿವಿ ಪಾಠ ಬಂದದ್ದು ಹೀಗೆಯೇ. ಆದರೆ ನೋಡುವವನು ಬಾಯಿ ಬಿಡುವಂತಿರಲಿಲ್ಲ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಈ ಕೊರತೆಯನ್ನು ತುಂಬಲು ಹೊರಟಿತು. ಅದರ ಮೊದಲ ಪ್ರಯೋಗಗಳಿಗೆ ಆರಿಸಿದ ಸಂಸ್ಥೆಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಒಂದು. ಸ್ಟುಡಿಯೋದಲ್ಲಿ ಅಧ್ಯಾಪಕರ ಮುಖ ಮತ್ತು ಸ್ಲೈಡು, ಕಾಲೇಜಿನ ಕೋಣೆಯಲ್ಲಿ ಪರದೆ, ಪ್ರಶ್ನೆ ಕೇಳಲು ಹಿಂದಿರುಗುವ ಧ್ವನಿಯ ದಾರಿ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜೂ ಆಗ ಇದೇ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ಮಣಿಪಾಲದ ಕಾಲೇಜು ಸ್ವಂತ ಡೀಮ್ಡ್ ವಿಶ್ವವಿದ್ಯಾಲಯದ ಒಳಗಿದ್ದುದರಿಂದ ಈ ಬಳಗದಿಂದ ಹೊರಗೆ. ಅದೇ 2004ರಲ್ಲಿ ಕೊಡಾಕ್ ಕಂಪೆನಿ ತನ್ನ ಸ್ಲೈಡ್ ಪ್ರೊಜೆಕ್ಟರಿನ ತಯಾರಿಕೆಯನ್ನು ನಿಲ್ಲಿಸಿತು.

ಎಜುಸ್ಯಾಟ್ ಬಳಸಿದ್ದು ಮುಖ್ಯವಾಗಿ ಕು ಬ್ಯಾಂಡ್ ಅಲೆಗಳನ್ನು. ತಟ್ಟೆ ಸಣ್ಣದಾದರೆ ಸಾಕು ಎಂಬುದು ಅದರ ಗುಣ, ಜಡಿಮಳೆಗೆ ಸೊರಗುವುದು ಅದರ ದೋಷ. ಮಳೆಗಾಲದಲ್ಲಿ ಡಿಟಿಎಚ್ ಟಿವಿಯ ಮುಂದೆ ಕೂತ ಕರಾವಳಿಯವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಉಪಗ್ರಹ 2010ರಲ್ಲಿ ಸೇವೆಯಿಂದ ನಿವೃತ್ತಿಯಾಯಿತು. ಕಾಪು-ಶಿರ್ವ ಕಡೆಯ ಬಂಟಕಲ್ಲಿನಲ್ಲಿ ಹೊಸ ಎಂಜಿನಿಯರಿಂಗ್ ಕಾಲೇಜು ಬಾಗಿಲು ತೆರೆದದ್ದು ಅದೇ ವರ್ಷ.

ಕಡತವನ್ನೂ ಕಳಿಸದೆ, ಬರೀ ನೋಟಕ್ಕೂ ತೃಪ್ತರಾಗದೆ, ಇಬ್ಬರೂ ಒಂದೇ ಪರದೆಯ ಮೇಲೆ ಕೆಲಸ ಮಾಡುವ ಮೂರನೆಯ ದಾರಿ ಇವೆಲ್ಲಕ್ಕಿಂತ ಹಳೆಯದು ಎಂದರೆ ಆಶ್ಚರ್ಯವಾದೀತು. 1968ರ ಡಿಸೆಂಬರ್ 9ರಂದು ಡಗ್ಲಸ್ ಎಂಗಲ್‌ಬಾರ್ಟ್ ಸ್ಯಾನ್‌ಫ್ರಾನ್ಸಿಸ್ಕೋದ ಸಭಾಂಗಣದಲ್ಲಿ ಕುಳಿತು, ಸುಮಾರು 50 ಕಿಲೋಮೀಟರ್ ದೂರದ ಮೆನ್ಲೋಪಾರ್ಕಿನಲ್ಲಿದ್ದ ಸಹೋದ್ಯೋಗಿಯ ಜೊತೆ ಒಂದೇ ಪರದೆ ಹಂಚಿಕೊಂಡು ತೋರಿಸಿದರು. ಒಂದು ಪದವನ್ನು ಒತ್ತಿದರೆ ಇನ್ನೊಂದು ಬರಹ ತೆರೆಯುವ ಲಿಂಕ್ ಕೂಡ ಅಂದಿನ ಪ್ರದರ್ಶನದಲ್ಲಿತ್ತು. ಜನಸಾಮಾನ್ಯರ ಪಾಠದ ಮನೆಗೆ ಅದು ಬರಲು ಅರ್ಧ ಶತಮಾನ ಹಿಡಿಯಿತು, ಅದೂ 2020ರ ಲಾಕ್‌ಡೌನ್ ದೂಡಿದ ಮೇಲೆ. ಆಗ ತಿಳಿದದ್ದು ಪರದೆಗಿಂತ ಸಿಗ್ನಲ್ ಅಪರೂಪ ಎಂಬುದು. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ರಸ್ತೆಬದಿಯಲ್ಲಿ ಮಳೆಯ ನಡುವೆ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ನಾಡಿನ ತುಂಬ ಹರಿದಾಡಿತ್ತು.

ಈಗ ಲಿಂಕ್ ಎಂಬ ಮಾತಿನ ಅರ್ಥವೇ ಮಗುಚಿಕೊಂಡಿದೆ. ಹಿಂದೆ ಕಡತ ಹೋಗಿ ಲಿಂಕ್ ಮುರಿಯುತ್ತಿತ್ತು. ಗೂಗಲ್ 2007ರಲ್ಲಿ ಜಾಲದೊಳಗೇ ಸ್ಲೈಡ್ ರಚಿಸುವ ಸೌಲಭ್ಯ ಕೊಟ್ಟ ಮೇಲೆ ಕಡತ ಇದ್ದಲ್ಲೇ ಇರುತ್ತದೆ, ಹೋಗುವುದು ಲಿಂಕ್ ಮಾತ್ರ. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಯಿಂದ ಬೆಂಗಳೂರಿನ ವಿಡಿಯೋ ಸಭೆಗೆ ತೋರಿಸುವ ಸ್ಲೈಡಿನಲ್ಲಿ ಕನ್ನಡ ಬರೆದರೆ ಅದು ಕನ್ನಡವಾಗಿಯೇ ಕಾಣುತ್ತದೆ.

ಹಳೆಯ ಅಕ್ಷರಗಳು ಮಾತ್ರ ಇನ್ನೂ ಪೂರ್ತಿ ಊರು ಬಿಟ್ಟಿಲ್ಲ. ಅಚ್ಚಿಗೆ ಪುಟ ಜೋಡಿಸುವ ಡಿಟಿಪಿ ಅಂಗಡಿಗಳಲ್ಲಿ ಯುನಿಕೋಡಿಗೆ ಮೊದಲಿನ ಅಕ್ಷರಶೈಲಿಗಳು ಇಂದಿಗೂ ದುಡಿಯುತ್ತಿವೆ. ಕಾರ್ಕಳದಲ್ಲೋ ಕಾಪುವಿನಲ್ಲೋ ಅಂಥ ಶೈಲಿಯಲ್ಲಿ ಜೋಡಿಸಿದ ಮದುವೆ ಕಾಗದ ಮುಂಬಯಿಯ ನೆಂಟರಿಗೆ ವಾಟ್ಸಾಪಿನಲ್ಲಿ ಹೋಗುವುದು ಚಿತ್ರವಾಗಿಯೇ. ಮುಹೂರ್ತದ ಗಳಿಗೆಯಲ್ಲಿ ಒಂದಕ್ಷರ ತಪ್ಪಿದ್ದರೆ ಅಲ್ಲಿ ಕುಳಿತು ತಿದ್ದುವಂತಿಲ್ಲ, ಅದೇ ಅಂಗಡಿಗೆ ಫೋನು ಮಾಡಬೇಕು.